ಮೂವತ್ತೆಂಟು ಸೌಟು

ಸಾವು ನೋಂದಣಿಯ ಅರ್ಜಿಯಲ್ಲಿ ಹೆಸರು, ಗಂಡನ ಹೆಸರು, ಊರು ಎಲ್ಲ ಸರಾಗವಾಗಿ ತುಂಬಿದೆ. ‘ಮೃತರ ವಯಸ್ಸು’ ಎಂಬಲ್ಲಿ ಪೆನ್ನು ನಿಂತಿತು.

ಅಮ್ಮಮ್ಮ, ಅಪ್ಪನ ತಾಯಿ, ಹೋಗಿ ನಾಲ್ಕನೇ ದಿನ. 2024ರ ಜುಲೈ, ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ ವಾರ. ಅವಳ ಮಗಳು, ಕಾರವಾರದ ಅತ್ತೆ, ಯಲ್ಲಾಪುರ ಸುತ್ತಿಕೊಂಡು ಶಿರಸಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮಳೆ ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಆದರೂ ಕಟ್ಟಿಗೆಗೆ ಯಾರೂ ಪರದಾಡಬೇಕಾಗಲಿಲ್ಲ. ಬೇಸಗೆ ಬಂತೆಂದರೆ ಅಮ್ಮಮ್ಮ ಒಣಗಿದ ಮಾವಿನ ಕಟ್ಟಿಗೆಯನ್ನು ಕೊಟ್ಟಿಗೆಯ ಮಾಡಿನಡಿ ಬೇರೆಯಾಗಿ ಒಟ್ಟಿಸಿ, ‘ಮಳೆಗಾಲದಲ್ಲಿ ಹೋದ್ರೆ ನಿಂಗಕ್ಕೆ ತೊಂದ್ರೆ ಅಪ್ಪಲಾಗ’ ಎನ್ನುತ್ತಿದ್ದಳು. ದೀಪಾವಳಿ ಕಳೆದ ಮೇಲೆ ‘ಈ ವರ್ಷ ಬಚಾವ್’ ಎಂದು ಅದನ್ನೇ ಬಚ್ಚಲೊಲೆಗೆ ತುಂಬಿಸುತ್ತಿದ್ದಳು. ಇಪ್ಪತ್ತು ವರ್ಷವಾದರೂ ನಮ್ಮ ಬಿಸಿನೀರು ಕಾದದ್ದು ಅವಳ ಚಿತೆಯ ಕಟ್ಟಿಗೆಯಲ್ಲಿ.

‘ವಯಸ್ಸು ಎಷ್ಟು ಬರೆಯಲಿ?’ ಎಂದೆ.

ಜಗಲಿಯಲ್ಲಿ ಮೂವರು ಮೂರು ಹೇಳಿದರು. ಅಪ್ಪ ತೊಂಬತ್ತೈದು. ಅತ್ತೆ, ನೂರು ಆಗಿಯೇ ಹೋಗಿದೆ. ದೊಡ್ಡಪ್ಪ ತೋಟದ ಕಡೆ ನೋಡುತ್ತಾ, ಅಡಕೆಗೆ ಎರಡನೇ ಸಲದ ಕೊಳೆರೋಗದ ಮದ್ದು ಹೊಡೆಯುವುದು ಬಾಕಿ ಇದೆ ಎಂದ. ಆಧಾರ್ ಕಾರ್ಡು ತೆಗೆದು ನೋಡಿದರೆ 1932ರ ಜನವರಿ 1. ಅದನ್ನು ಮಾಡಿಸುವ ಹೊತ್ತಿಗೆ ನಾನೇ ಪಕ್ಕದಲ್ಲಿದ್ದೆ. ಕಂಪ್ಯೂಟರಿನ ಹುಡುಗ ಹುಟ್ಟಿದ ಇಸವಿ ಕೇಳಿದಾಗ ಅಮ್ಮಮ್ಮ, ‘ನಿಂಗೆ ಕಂಡಷ್ಟು ಬರ್ಕ’ ಅಂದಿದ್ದಳು. ಅವನಿಗೆ ಅಷ್ಟು ಕಂಡಿತ್ತು. ನಮ್ಮ ಕಡೆ ದಾಖಲೆಗಳೆಲ್ಲ ಹೀಗೆಯೇ. ದೊಡ್ಡಪ್ಪ, ಅಪ್ಪ, ಪಕ್ಕದ ಮನೆ ಭಾವ ಎಲ್ಲರೂ ಶಾಲೆಯ ರಿಜಿಸ್ಟರಿನಲ್ಲಿ ಜೂನ್ 1ಕ್ಕೇ ಹುಟ್ಟಿದವರು.

ಅವಳ ತೌರು ಸಿದ್ದಾಪುರದ ಕಡೆ. 1932ರ ಕರನಿರಾಕರಣೆಯಲ್ಲಿ ತೀರುವೆ ಕಟ್ಟದವರ ಗದ್ದೆ ತೋಟ ಜಪ್ತಿಯಾದಾಗ, ಪಾತ್ರೆಪರಡಿಯನ್ನೆಲ್ಲ ತೋಟದ ಕಾಲುವೆಯಲ್ಲಿ ಸೊಪ್ಪು ಮುಚ್ಚಿ ಅಡಗಿಸಿದ್ದರಂತೆ. ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡು ಅದನ್ನು ಕಾದದ್ದು ತಾನು ಎನ್ನುತ್ತಿದ್ದಳು. 1932ರಲ್ಲೇ ಹುಟ್ಟಿದವಳು ಅದೇ ವರ್ಷ ತಮ್ಮನನ್ನು ಹೊರುವುದು ಹೇಗೆ? 1934ರಲ್ಲಿ ಗಾಂಧಿ ಶಿರಸಿಗೆ ಬಂದಾಗ ಅವಳ ಅಪ್ಪ ಕರೆದುಕೊಂಡು ಬಂದಿದ್ದರಂತೆ. ‘ಗಾಂಧಿ ಕಂಡಿದ್ದು ನೆನಪಿಲ್ಲೆ. ಯಾರೋ ಕಲ್ಸಕ್ಕರೆ ಕೊಟ್ಟಿದ್ದು ನೆನಪಿದ್ದು.’ ಈ ಮಾತಿನಿಂದಾಗಿಯೇ ನನಗೆ ಅವಳ ಉಳಿದ ಕಥೆಗಳ ಮೇಲೂ ನಂಬಿಕೆ.

ಆಗ ಆಯಿ, ನನ್ನ ಅಮ್ಮ, ಒಳಗಿನಿಂದ ಕೂಗಿದಳು: ‘ಸೌಟು ಎಣಿಸೇ ಕೂಸೇ!’

ನಮ್ಮ ಮನೆಗೆ ಬಂದವರೆಲ್ಲ ಮೊದಲು ನಗುತ್ತಿದ್ದುದು ಆ ಸೌಟುಗಳಿಗೆ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ಹೋಗಿ ಬರಿಗೈಲಿ ಬಪ್ಪಲಾಗ ಎಂಬುದು ಅಮ್ಮಮ್ಮನ ಶಾಸ್ತ್ರ. ಬಳೆ ಒಡೆಯುತ್ತದೆ, ಸೀರೆ ಹರಿಯುತ್ತದೆ ಎಂದು ಪ್ರತಿ ಜಾತ್ರೆಗೂ ಒಂದು ಸೌಟು ತರುತ್ತಿದ್ದಳು. ಅಡುಗೆಮನೆಯ ಗೋಡೆಗೆ ಹಲಸಿನ ಮರದ ಉದ್ದನೆಯ ಪಟ್ಟಿ, ಅದಕ್ಕೆ ಸಾಲಾಗಿ ಮೊಳೆ. ಎಡತುದಿಯಲ್ಲಿ ಮದುವೆಯಾದ ವರ್ಷದ್ದು: ತೆಂಗಿನ ಚಿಪ್ಪಿಗೆ ಬಿದಿರಿನ ಹಿಡಿ, ಹೊಗೆ ಕುಡಿದು ಕಲ್ಲಿನಷ್ಟು ಕಪ್ಪು. ಆಮೇಲೆ ಎರಡು ಕಬ್ಬಿಣದವು, ತುದಿ ಸವೆದು ಒಂದು ಕಡೆ ಓರೆ. ಅವಳು ಎಡಗೈಯವಳು, ಓರೆಯೂ ಅದಕ್ಕೆ ತಕ್ಕಂತೆಯೇ. ಹಿತ್ತಾಳೆಯದು, ಅಲ್ಯೂಮಿನಿಯಂದು, ಬರಬರುತ್ತಾ ಸ್ಟೀಲಿನವು. ಒಂದೊಂದಕ್ಕೂ ಹೆಸರಿತ್ತು. ಇದು ನಿನ್ನಪ್ಪ ಕಳೆದುಹೋಗಿ ಸಿಕ್ಕಿದ ಜಾತ್ರೆದು. ಇದು ಲಿಂಗನಮಕ್ಕಿ ನೀರು ತುಂಬಿ ಅಕ್ಕನ ಮನೆ ಮುಳುಗಿದ ಮೇಲಿನದು. ಇದು ಮರ ಅಪ್ಪಿಕೊಂಡ ಗಲಾಟೆಯ ಕಾಲದ್ದು. 1983ರಲ್ಲಿ ಸಾಲ್ಕಣಿ ಕಡೆಯ ಜನ ಕಳಾಸೆ ಕಾಡಿಗೆ ಹೋಗಿ ಮರ ತಬ್ಬಿ ನಿಂತಾಗ, ನೀನೂ ಹೋಗಿದ್ದೆಯಾ ಎಂದು ಕೇಳಿದ್ದೆ. ‘ಆನು ಮರ ಅಪ್ಪಿಕ್ಯಂಡು ನಿಂತ್ರೆ ಎಮ್ಮೆ ಕರೆಯವು ಯಾರು?’

ಕೊನೆಯದು ನಾನು ತಂದದ್ದು. 2024ರ ಮಾರ್ಚ್. ಕಾರು ದೇವಿಯನ್ನು ಕೂರಿಸುವ ಬಿಡ್ಕಿಬಯಲಿನವರೆಗೆ ಹೋಗಲು ಬಿಡಲಿಲ್ಲ, ಅವಳಿಗೆ ನಡೆಯಲು ಆಗಲಿಲ್ಲ. ಕಾರಿನಲ್ಲೇ ಕೂತು ದೇವಿಯ ದಿಕ್ಕಿಗೆ ಕೈಮುಗಿದು ನನ್ನನ್ನು ಅಂಗಡಿಗೆ ಓಡಿಸಿದಳು. ಸ್ಟೀಲಿನ ಸಣ್ಣ ತುಪ್ಪದ ಸೌಟು ತಂದೆ. ತಿರುಗಿಸಿ ನೋಡಿ ‘ಎಷ್ಟು?’ ಎಂದಳು. ಎಂಬತ್ತು ರೂಪಾಯಿ. ‘ಎಂಬತ್ತು ರೂಪಾಯಿಗೆ ಎಮ್ಮೆ ಬರ್ತಿತ್ತು’ ಎಂದು ಶಿರಸಿಯಿಂದ ಮನೆ ಬರುವವರೆಗೂ ಗೊಣಗಿದಳು.

ಎಣಿಸಿದೆ. ಮೂವತ್ತೆಂಟು. ನಡುವೆ ಮೂವತ್ತೇಳು ಅಂತರ, ಎಪ್ಪತ್ತನಾಲ್ಕು ವರ್ಷ. ಮದುವೆಯಾದಾಗ ಹದಿನಾಲ್ಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹುಡುಗಿಗೆ ಹದಿನಾಲ್ಕು ತುಂಬಲೇಬೇಕು ಎಂದು ಶಾರದಾ ಕಾಯ್ದೆ ಬಂದಿತ್ತು, ಅದಕ್ಕೆ ಹೆದರಿ ಅವಳ ಅಪ್ಪ ಎರಡು ವರ್ಷ ಕಾದಿದ್ದರು. ಎಪ್ಪತ್ತನಾಲ್ಕು ಮತ್ತು ಹದಿನಾಲ್ಕು ಎಂಬತ್ತೆಂಟು. ಆಧಾರ್‌ಗಿಂತಲೂ ಕಡಿಮೆ!

‘ಸುಳ್ಳು’ ಎಂದ ಅಪ್ಪ. ಹಾಗಿದ್ದರೆ ಕಲ್ಲುಸಕ್ಕರೆ ತಿಂದದ್ದು ಹುಟ್ಟುವ ಮೊದಲೇ ಆಗಬೇಕು.

ಅತ್ತೆ ಸುಮಾರು ಹೊತ್ತು ಸುಮ್ಮನಿದ್ದವಳು, ‘ಹೋಗದೇ ಇದ್ದ ಜಾತ್ರೆಗೆ ಸೌಟು ಎಲ್ಲಿಂದ ಬರವು?’ ಎಂದಳು.

ಅಲ್ಲಿಂದ ಲೆಕ್ಕ ತಿರುಗಿತು. ಏಳು ಹೆರಿಗೆಯಲ್ಲಿ ಮೂರು ಜಾತ್ರೆಯ ಹೊತ್ತಿಗೆ ಬಂದಿದ್ದವು. ‘ಒಂದು ಸೌಟು ತಪ್ಪಿಸಿದ್ದು ಆನೇಯಾ’ ಎಂದ ದೊಡ್ಡಪ್ಪ. ಅವನು ಹುಟ್ಟಿ ಆರನೇ ದಿನ ತೇರು ಹೊರಟಿತ್ತಂತೆ. ರಿಜಿಸ್ಟರಿನಲ್ಲಿ ಜೂನ್ 1ಕ್ಕೆ ಹುಟ್ಟಿದವನು, ಎಂಬತ್ತರ ಹತ್ತಿರ ಬಂದವನು, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕ. ಎರಡನೆಯದು ಅತ್ತೆ. ಮೂರನೆಯದು ಉಳಿಯದ ಕೂಸು, ಅದರ ಹೆಸರು ಯಾರಿಗೂ ಗೊತ್ತಿಲ್ಲ, ಇಟ್ಟಿದ್ದರೋ ಇಲ್ಲವೋ.

ಇನ್ನೆರಡು ಅಜ್ಜ ಹೋದ ಮೇಲಿನವು. ವರ್ಷಾಂತಿಕ ಮುಗಿದಿರಲಿಲ್ಲವಾದ್ದರಿಂದ ಮೊದಲನೆಯದಕ್ಕೆ ಹೋಗುವಂತಿರಲಿಲ್ಲ. ಎರಡನೆಯದಕ್ಕೆ ಅಡ್ಡಿಯೇನೂ ಇರಲಿಲ್ಲ. ಅತ್ತೆ ಸೀರೆ ಮಡಚಿಟ್ಟು, ಚಪ್ಪಲಿ ಜಗಲಿಗೆ ತಂದಿಟ್ಟು ಕರೆದಳಂತೆ. ಅಮ್ಮಮ್ಮ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಅಡಕೆ ಸುಲಿಯುತ್ತಿದ್ದಳು. ತಲೆ ಎತ್ತದೆ, ‘ನಿಂಗ ಹೋಗಿ ಬನ್ನಿ’ ಎಂದಳು. ಅವರು ತಿರುಗಿ ಬಂದಾಗ ರಾತ್ರಿ. ಅವಳು ಅಲ್ಲೇ, ಅದೇ ಭಂಗಿಯಲ್ಲಿ. ಅಡಕೆ ಖಾಲಿಯಾಗಿ ಬಹಳ ಹೊತ್ತಾಗಿತ್ತು.

‘ಆನೊಂದು ಸೌಟು ತಂದಿದ್ದಿ. ಮುಟ್ಟಿದ್ದಿಲ್ಲೆ’ ಎಂದಳು ಅತ್ತೆ. ಆ ಸೌಟು ಈಗ ಕಾರವಾರದಲ್ಲಿದೆಯಂತೆ.

ಐದು ಸೇರಿದರೆ ನಲವತ್ತಮೂರು. ಹತ್ತು ವರ್ಷ ಹೆಚ್ಚು. ತೊಂಬತ್ತೆಂಟು. 1926ರಲ್ಲಿ ಹುಟ್ಟು, ಗಾಂಧಿ ಬಂದಾಗ ಎಂಟು, 1940ರಲ್ಲಿ ಮದುವೆ. ಎಲ್ಲ ತಾಳೆಯಾಯಿತು. ನಾನು ಚೆಂದಕ್ಕೆ 98 ಎಂದು ಬರೆದೆ.

ಮರುದಿನ ಪಂಚಾಯ್ತಿಯಲ್ಲಿ ಅದನ್ನು ಹೊಡೆದುಹಾಕಿಸಿದರು. ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕಂತೆ. ಸರ್ಕಾರದ ಪ್ರಕಾರ ಅವಳಿಗೆ ತೊಂಬತ್ತೆರಡು.

ಹದಿಮೂರನೇ ದಿನದ ಊಟಕ್ಕೆ ಮುನ್ನೂರು ಜನ. ಅಡುಗೆ ಭಟ್ಟರು ತಮ್ಮ ಸೌಟು ಸಾಲದೆ ಗೋಡೆಯ ಮೇಲಿನವನ್ನೂ ಇಳಿಸಿಕೊಂಡರು. ಪಾಯಸಕ್ಕೆ ಒಂದು, ಅಪ್ಪೆಹುಳಿಗೆ ಒಂದು. ಸಂಜೆ ಯಾರೋ ಎಲ್ಲವನ್ನೂ ತೊಳೆದು ಬುಟ್ಟಿಗೆ ಸುರಿದಿಟ್ಟಿದ್ದರು. ಆಯಿ ಒಂದೊಂದಾಗಿ ಮೊಳೆಗೆ ಹಾಕುತ್ತಾ ಬಂದಳು. ಚಿಪ್ಪಿನದು, ಓರೆಯಾದ ಎರಡು, ಹಿತ್ತಾಳೆ. ಸ್ಟೀಲಿನ ಸಾಲಿಗೆ ಬಂದಾಗ ಕೈಯಲ್ಲಿ ಮೂರು ಉಳಿದವು. ಮೂರೂ ಒಂದೇ ಥರ. ಯಾವುದು ಮೊದಲಿನದು ಎಂದು ನನ್ನನ್ನು ಕೇಳಿದಳು, ಅಪ್ಪನನ್ನು ಕರೆದು ಕೇಳಿದಳು. ಆಮೇಲೆ ಅಭ್ಯಾಸಬಲದಿಂದ ಅಮ್ಮಮ್ಮನ ಒಳಕೋಣೆಯ ಕಡೆ ತಿರುಗಿ ‘ಅತ್ತೇ’ ಎಂದಳು.