ಅರ್ಧ ಸ್ವರ ಮೇಲೆ

ನಾನು ಮಾಡುವ ಕೆಲಸಕ್ಕೆ ಇನ್ನೂ ಸರಿಯಾದ ಹೆಸರು ಹುಟ್ಟಿಲ್ಲ. ಮಂಗಳೂರಿನ ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನನ್ನ ಅಂಗಡಿ. ಬೋರ್ಡಿನಲ್ಲಿ ‘ಕ್ಯಾಸೆಟ್‌ನಿಂದ ಪೆನ್‌ಡ್ರೈವ್‌ಗೆ’ ಎಂದು ಬರೆಸಿದ್ದೇನೆ. ಅಟ್ಟದಿಂದ ಇಳಿಸಿದ ಕ್ಯಾಸೆಟ್‌ಗಳನ್ನು ಜನ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಕರಾವಳಿಯ ತೇವಕ್ಕೆ ರೀಲಿನ ಅಂಚಿನಲ್ಲಿ ಬಿಳಿ ಬೂಸ್ಟು ಬರಲು ಹೆಚ್ಚು ಮಳೆಗಾಲ ಬೇಕಿಲ್ಲ. ಐದು ತಿರುಪು ಬಿಚ್ಚಬೇಕು, ಬೂಸ್ಟು ಒರೆಸಬೇಕು, ರೀಲನ್ನು ಬೇರೆ ಚಿಪ್ಪಿಗೆ ಕೂರಿಸಬೇಕು, ಕ್ಯಾಸೆಟ್ ಓಡಿಸುವ ಡೆಕ್‌ನಲ್ಲಿ ರೀಲನ್ನು ಓದುವ ಹೆಡ್ ಓರೆಯಾಗಿದ್ದರೆ ತಿದ್ದಬೇಕು. ತಿರುಪಿಲ್ಲದೆ ಅಂಟಿಸಿದ ಚಿಪ್ಪಾದರೆ ಒಡೆಯದೆ ಬೇರೆ ದಾರಿಯಿಲ್ಲ. ಒಡೆಯುವಾಗ ಗಿರಾಕಿ ಎದುರಿಗೆ ಇರದಿದ್ದರೆ ಇಬ್ಬರಿಗೂ ಕ್ಷೇಮ.

2016ರ ಜುಲೈನಲ್ಲಿ ಸುರತ್ಕಲ್ ಕಡೆಯ ಹಿರಿಯರೊಬ್ಬರು ಒಂದೇ ಒಂದು ಕ್ಯಾಸೆಟ್ ತಂದರು. ತೊಂಬತ್ತು ನಿಮಿಷದ್ದು, ಗಲ್ಫ್‌ನಿಂದ ಬಂದದ್ದು. ಒಳಗಿನ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ‘ರೊಡ್ರಿಗಸ್’ ಎಂಬ ಹೆಸರು, ಕೆಳಗೆ ವೃತ್ತ ಹಾಕಿದ 147. ಇಷ್ಟೇ. ಮಂಗಳೂರಿನಲ್ಲಿ ರೊಡ್ರಿಗಸ್ ಎಂದರೆ ಯಾರು ಯಾವ ಊರು ಎಂದು ಕೇಳುವವರಿಲ್ಲ. ಕುಲಶೇಖರದಲ್ಲಿ ಹತ್ತು ಮನೆ ಸಿಗುತ್ತದೆ, ಬೆಂದೂರಿನಲ್ಲಿ ಇನ್ನಷ್ಟು. ಕೊಂಕಣಿ ಹಾಡುಗಳಿರಬೇಕು ಎಂದುಕೊಂಡು ಚೀಟಿ ಬರೆದು ಕೊಟ್ಟೆ.

ಹಾಕಿ ನೋಡಿದರೆ ಇಂಗ್ಲಿಷು. ಗಿಟಾರ್ ಹಿಡಿದ ಒಬ್ಬ ಹುಡುಗ, ಊರ ಬಡವರ ಬೀದಿಗಳ ಬಗ್ಗೆ ಯಾರ ಮೇಲೂ ಸಿಟ್ಟಾಗದೆ ಹಾಡುತ್ತಿದ್ದಾನೆ. ಧ್ವನಿ ಸ್ವಲ್ಪ ಎಳಸು, ಹಾಡಿಗೆ ಏನೋ ಅವಸರ. ಎರಡು ಸಾಲು ಹುಡುಕಿದ ಮೇಲೆ ಗೊತ್ತಾಯಿತು: ಅಮೆರಿಕದ ಡೆಟ್ರಾಯಿಟ್‌ನ ಸಿಕ್ಸ್ಟೊ ರೊಡ್ರಿಗೆಜ್, 1970 ಮತ್ತು 1971ರಲ್ಲಿ ಬಂದ ಎರಡು ಆಲ್ಬಮ್‌ಗಳ ಹಾಡುಗಳು. ಮೂಲವನ್ನು ಹಾಕಿ ಪಕ್ಕದಲ್ಲಿ ಇಟ್ಟು ಕೇಳಿದೆ. ಕ್ಯಾಸೆಟ್ ಅರ್ಧ ಸ್ವರ ಮೇಲಿತ್ತು. ಪ್ರತಿ ಮಾಡಿದ ಯಂತ್ರ ನಿಧಾನವಾಗಿ ಓಡಿರಬೇಕು. ಅಂಥ ಪ್ರತಿಯನ್ನು ಸರಿಯಾದ ಡೆಕ್‌ನಲ್ಲಿ ಹಾಕಿದರೆ ಶೇಕಡಾ ಆರರಷ್ಟು ವೇಗ ಜಾಸ್ತಿಯಾಗುತ್ತದೆ, ಮೂರು ನಿಮಿಷದ ಹಾಡು ಹತ್ತು ಸೆಕೆಂಡ್ ಮೊದಲೇ ಮುಗಿದುಬಿಡುತ್ತದೆ.

ನಾನು ಹುರುಪಿನಲ್ಲಿ ಕುಳಿತೆ. ವೇಗ ಇಳಿಸಿದೆ, ಸುಯ್‌ಗುಡುವ ಸದ್ದು ತೆಗೆದೆ, ಎರಡನೆಯ ಹಾಡಿನ ನಡುವೆ ಕೇಳುವ ಟಕ್ ಎಂಬ ಸದ್ದನ್ನು ಅಳಿಸಿದೆ. ಎರಡು ರಾತ್ರಿ ಹೋಯಿತು. ಆ ತನಕ ಮಾಡಿದ ಕೆಲಸಗಳಲ್ಲೇ ಅದು ಉತ್ತಮ ಎಂದು ಆಗ ಅನಿಸಿತ್ತು, ಈಗಲೂ ಕೈಚಳಕದ ಮಟ್ಟಿಗೆ ಹಾಗೆಯೇ ಅನಿಸುತ್ತದೆ.

ಹಿರಿಯರು ಹೆಡ್‌ಫೋನ್ ಹಾಕಿಕೊಂಡರು. ಅರ್ಧ ನಿಮಿಷ ಕೇಳಿ ತೆಗೆದರು.

“ಇದು ಯಾರು ಮಾರಾಯರೇ?”

“ನಿಮ್ಮ ರೊಡ್ರಿಗಸ್.”

“ಅಲ್ಲ. ಇದು ಯಾರೋ ಪ್ರಾಯದವರು.”

ನಾನು ವಿವರಿಸಿದೆ. ಮೋಟಾರು, ವೇಗ, ಅರ್ಧ ಸ್ವರ, ಕಂಪ್ಯೂಟರಿನ ಪರದೆಯ ಮೇಲೆ ಎರಡು ಅಲೆಗಳು. ಅವರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಬಹರೈನ್‌ನಲ್ಲಿ ಹಡಗು ದುರಸ್ತಿಯ ಕೆಲಸ ಮಾಡಿದವರು, ಯಂತ್ರದ ಮಾತು ಅವರಿಗೆ ಹೊಸದಲ್ಲ. ಕೊನೆಗೆ, “ಸರಿ, ನೀವು ಹೇಳುವುದು ನಿಜ ಇರಬಹುದು. ನನ್ನ ಕ್ಯಾಸೆಟ್ ಎಲ್ಲಿ?” ಎಂದರು. ಹಣ ಮೇಜಿನ ಮೇಲಿಟ್ಟು, ಪೆನ್‌ಡ್ರೈವ್ ಮುಟ್ಟದೆ ಕ್ಯಾಸೆಟ್ ಮಾತ್ರ ಎತ್ತಿಕೊಂಡರು.

ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಹೊರಗೆ ಮಳೆ ಸುರಿಯುತ್ತಿತ್ತು, ಕೆಳಗಿಳಿಯಲು ಆಗದೆ ಅವರು ಬಾಗಿಲಲ್ಲೇ ನಿಂತರು. ಹುಡುಗನನ್ನು ಕಳಿಸಿ ಚಹಾ ತರಿಸಿದೆ. ಕ್ಯಾಸೆಟ್ ತೆಗೆದುಕೊಂಡ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ಇದು ನಿಮಗೆ ಸಿಕ್ಕಿದ್ದು ಹೇಗೆ?

ಎಂಬತ್ತರ ದಶಕದ ಮಾತು. ಆಸ್ಟ್ರೇಲಿಯಾದ ಫೋರ್‌ಮನ್ ಒಬ್ಬ ಊರಿಗೆ ಹೊರಡುವಾಗ ಒಂದು ಡಬ್ಬಿ ಸಾಮಾನು ಬಿಟ್ಟುಹೋದ. ಅದರಲ್ಲಿ ಈ ಕ್ಯಾಸೆಟ್ ಇತ್ತು. ಎಂಟು ಜನರ ಕೋಣೆ, ಯಾರಿಗೂ ಈ ಹಾಡು ಬೇಡ. ಇವರಿಗೂ ಬೇಡವೇ. ಮೇಲೆ ರೆಕಾರ್ಡ್ ಆಗದಂತೆ ತಡೆಯುವ ಬೆನ್ನಿನ ತೂತಿಗೆ ಕಾಗದ ತುರುಕಿ ಬಿ ಬದಿಯ ಮೇಲೆ ಕನ್ನಡ ಚಿತ್ರಗೀತೆಗಳನ್ನು ರೆಕಾರ್ಡ್ ಮಾಡಿಕೊಂಡರು. ಎ ಬದಿ ಉಳಿದದ್ದು ಬರೀ ಸೋಮಾರಿತನದಿಂದ. ಬಿ ಬದಿ ಮುಗಿದ ಮೇಲೆ ತಿರುಗಿಸಿ ಹಾಕಿ ಹಾಗೆಯೇ ನಿದ್ದೆ ಹೋಗುತ್ತಿದ್ದರು.

“ಒಂದು ವರ್ಷ ನಾನದನ್ನು ಕೇಳಿದ್ದು ನಿದ್ದೆಯಲ್ಲೇ” ಎಂದರು.

ಆಮೇಲೆ ಒಂದು ಡಿಸೆಂಬರ್‌ನಲ್ಲಿ ಕಂಪನಿ ಗುತ್ತಿಗೆ ಮುಂದುವರಿಸುವುದಿಲ್ಲ ಎಂದಿತು. ಆ ರಾತ್ರಿ ನಿದ್ದೆ ಬರಲಿಲ್ಲ, ಎ ಬದಿ ಓಡುತ್ತಿತ್ತು. ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ ಕೆಲಸ ಕಳೆದುಕೊಂಡವನ ಹಾಡೊಂದು ಅದರಲ್ಲಿದೆ. ಅಷ್ಟು ಇಂಗ್ಲಿಷ್ ಅವರಿಗೆ ಅರ್ಥವಾಯಿತು. ಎದ್ದು ಕುಳಿತು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಟೇಪ್ ರೆಕಾರ್ಡರಿನ ಅಂಕಿಗಾಲಿ ತೋರಿಸುತ್ತಿದ್ದ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟರು. 147.

ಬೇರೆ ಕಡೆ ಕೆಲಸ ಸಿಕ್ಕಿತು, ಊರಿಗೆ ಬಂದರು, ಮದುವೆಯಾಯಿತು, ಮಕ್ಕಳಾದರು. ರೊಡ್ರಿಗಸ್ ಯಾರೆಂದು ತಿಳಿಯಲು ಅವರು ಪ್ರಯತ್ನಿಸದೆ ಇರಲಿಲ್ಲ. ಮಂಗಳೂರಿನಿಂದ ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿದ ಯಾರೋ ನಮ್ಮ ಊರಿನ ಹುಡುಗ ಎಂದೇ ನಂಬಿದ್ದರಂತೆ. ನೆರೆಯ ಕ್ರೈಸ್ತ ಮನೆಯ ಮದುವೆಗೆ ಹೋದಾಗಲೆಲ್ಲ ಗಿಟಾರ್ ನುಡಿಸುವ ರೊಡ್ರಿಗಸ್ ಯಾರಾದರೂ ಗೊತ್ತೇ ಎಂದು ವಿಚಾರಿಸುತ್ತಿದ್ದರು. ಮೂವರು ಸಿಕ್ಕಿದ್ದರು. ಯಾರೂ ಇವನಲ್ಲ.

ಆಗ ನಾನು ಓದಿ ತಿಳಿದದ್ದನ್ನು ಹೇಳಿದೆ. ರೊಡ್ರಿಗೆಜ್ ಮೆಕ್ಸಿಕೋ ಮೂಲದ ಕುಟುಂಬದ ಆರನೆಯ ಮಗು, ಅದಕ್ಕೇ ಸಿಕ್ಸ್ಟೊ. ಎರಡು ಆಲ್ಬಮ್ ಅವರ ದೇಶದಲ್ಲಿ ಮಾರಾಟವಾಗಲಿಲ್ಲ, ಕಂಪನಿ ಕೈಬಿಟ್ಟಿತು, ಕಟ್ಟಡ ಕೆಡಹುವ ಕೂಲಿ ಕೆಲಸಕ್ಕೆ ಹೋದರು. ಆದರೆ ಆಸ್ಟ್ರೇಲಿಯಾದಲ್ಲಿ ಹಾಡುಗಳು ಹಬ್ಬಿದವು, 1979ರಲ್ಲಿ ಮತ್ತು 1981ರಲ್ಲಿ ಅಲ್ಲಿ ಹೋಗಿ ಹಾಡಿಯೂ ಬಂದರು. ಫೋರ್‌ಮನ್‌ನ ಡಬ್ಬಿಗೆ ಕ್ಯಾಸೆಟ್ ಬಂದ ದಾರಿ ಅದೇ ಇರಬೇಕು. ದಕ್ಷಿಣ ಆಫ್ರಿಕಾದ ಕಥೆ ಇನ್ನೂ ವಿಚಿತ್ರ. ವರ್ಣಭೇದದ ಕಾಲದಲ್ಲಿ ಅಲ್ಲಿನ ಬಿಳಿಯ ಹುಡುಗರು ಆ ಹಾಡುಗಳನ್ನು ಒಬ್ಬರಿಂದೊಬ್ಬರು ಪ್ರತಿ ಮಾಡಿಕೊಂಡು ಕೇಳಿದರು. ಸರ್ಕಾರಿ ಬಾನುಲಿಯ ಸಂಗ್ರಹದಲ್ಲಿದ್ದ ತಟ್ಟೆಯಲ್ಲಿ ಒಂದು ಹಾಡನ್ನು ಯಾರೂ ಹಾಕಬಾರದೆಂದು ಚೂಪಾದ ಮೊನೆಯಿಂದ ಗೀರಿಬಿಟ್ಟಿದ್ದರು. ಗಾಯಕ ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡ ಎಂಬ ಗಾಳಿಮಾತನ್ನು ಅಲ್ಲಿನ ಅಭಿಮಾನಿಗಳು ನಂಬಿದ್ದರು. ಕೊನೆಗೆ ಅವರಲ್ಲೇ ಕೆಲವರು ಹುಡುಕಿ ಹೊರಟಾಗ ಮನುಷ್ಯ ಡೆಟ್ರಾಯಿಟ್‌ನಲ್ಲಿ ಸುಖವಾಗಿದ್ದರು. 1998ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಹಾಡಿದಾಗ ಸಭಾಂಗಣ ಕಿಕ್ಕಿರಿದಿತ್ತು. ಈ ಹುಡುಕಾಟದ ಮೇಲೆ 2012ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೆ ಮರುವರ್ಷ ಆಸ್ಕರ್ ಬಂತು.

“ಬದುಕಿದ್ದಾರೆಯೇ?”

“ಈ ತಿಂಗಳಿಗೆ 74.”

ಅವರು ಚಹಾ ಮುಗಿಸಿದರು. “ನಮ್ಮ ಊರಿನವನಲ್ಲವಲ್ಲ” ಎಂದರು. ಅದೊಂದೇ ಅವರಿಗೆ ಬೇಸರ ತಂದಿತ್ತು.

ಅವರಿಂದ ಕ್ಯಾಸೆಟ್ ಮತ್ತೆ ಕೇಳಿ ಇಟ್ಟುಕೊಂಡು ಆ ಸಂಜೆ ಓಡಿಸಿದೆ, ಈ ಸಲ ಏನನ್ನೂ ಮುಟ್ಟಲಿಲ್ಲ. ಸುಯ್ ಎನ್ನುವುದು ಇರಲಿ, ಟಕ್ ಎನ್ನುವುದು ಇರಲಿ. ಟಕ್ ಎಂದದ್ದು ಏನೆಂದು ಕೇಳಿದ್ದೆ. ಬಿ ಬದಿ ರೆಕಾರ್ಡ್ ಮಾಡುವ ಗಡಿಬಿಡಿಯಲ್ಲಿ ಒಮ್ಮೆ ಬದಿ ತಪ್ಪಿ ಗುಂಡಿ ಒತ್ತಿ, ತಕ್ಷಣ ನಿಲ್ಲಿಸಿದ್ದರಂತೆ. ಕಂಪ್ಯೂಟರಿನಲ್ಲಿ ಕಡತದ ಹೆಸರು ‘ರೊಡ್ರಿಗಸ್, ತಪ್ಪು ವೇಗ’ ಎಂದಿತ್ತು. ಅದನ್ನು ಅಳಿಸಿ ‘ರೊಡ್ರಿಗಸ್ 147’ ಎಂದು ಮಾಡಿದೆ.

ಅಂದಿನಿಂದ ಚೀಟಿಯಲ್ಲಿ ಹೆಸರು, ಫೋನ್ ನಂಬರಿನ ಕೆಳಗೆ ‘ಹೇಗೆ ಬಂತು’ ಎಂಬ ಒಂದು ಗೆರೆ ಸೇರಿದೆ. ಎಲ್ಲರಿಗೂ ಇದು ಹಿಡಿಸುವುದಿಲ್ಲ. “ನೀವು ಪೊಲೀಸಿನವರೇ?” ಎಂದು ಒಬ್ಬರು ಕೇಳಿದ್ದಾರೆ. ಆದರೆ ಉತ್ತರ ಕೊಡುವವರಿಂದ ನಾನು ತಿಳಿದದ್ದು ಡೆಕ್ ಕಲಿಸಿದ್ದಕ್ಕಿಂತ ಹೆಚ್ಚು. ಹಾಡುಗಾರನೊಬ್ಬ ತಾನೇ ಬರೆದು, ತಾನೇ ರಾಗ ಹಾಕಿ ಹಾಡಿದ್ದನ್ನು ಜನ ಮೊದಲ ಸಲಕ್ಕೇ ಮೆಚ್ಚುವುದು ತೀರ ಕಡಿಮೆ. ಸವೆದ ಕ್ಯಾಸೆಟ್‌ನಲ್ಲಿ ಸವೆತ ಹೆಚ್ಚಿರುವುದು ಮೊದಲ ಹಾಡಿನಲ್ಲಿ ಎಂದು ನಾನು ತಿಳಿದಿದ್ದೆ. ಅಲ್ಲ, ನಡುವಿನ ಯಾವುದೋ ಒಂದರಲ್ಲಿ. ಅಲ್ಲಿ ಸಕಾರದ ಸದ್ದು ಮೊಂಡಾಗಿರುತ್ತದೆ, ಹಾಡು ಶುರುವಾಗುವ ಜಾಗದಲ್ಲಿ ನಿಲ್ಲಿಸಿ ಓಡಿಸಿ ರೀಲಿನ ಮೇಲೆ ಸಣ್ಣ ಸುಕ್ಕು ಬಿದ್ದಿರುತ್ತದೆ.

ಇದಕ್ಕೆ ವಿರುದ್ಧವೆನ್ನಬಹುದಾದ ಉದಾಹರಣೆ ನಮ್ಮಲ್ಲೇ ಇದೆ. ವಿಲ್ಫಿ ರೆಬಿಂಬಸ್ ಹುಟ್ಟಿದ್ದೂ ರೊಡ್ರಿಗೆಜ್ ಹುಟ್ಟಿದ 1942ರಲ್ಲೇ. ಕೊಂಕಣಿಯಲ್ಲಿ ಬರೆದು ರಾಗ ಹಾಕಿ ಹಾಡಿದವರು, ‘ಕೊಂಕಣ ಕೋಗಿಲೆ’ ಎಂದು ಕರೆಸಿಕೊಂಡವರು, 2010ರಲ್ಲಿ ತೀರಿಕೊಂಡವರು. ಅವರನ್ನು ಯಾರೂ ಹುಡುಕಿ ಹೋಗಬೇಕಾಗಿರಲಿಲ್ಲ. ‘ವಿಲ್ಫಿ ನೈಟ್’ ಎಂದರೆ ಜನ ಟಿಕೆಟ್ ಕೊಂಡು ಬರುತ್ತಿದ್ದರು. ಅವರ ಕ್ಯಾಸೆಟ್‌ಗಳು ನನ್ನಲ್ಲಿಗೆ ಈಗಲೂ ಬರುತ್ತವೆ. ಬಿಜೈಯ ಒಬ್ಬ ಬಾಯಮ್ಮ ತಂದ ಕ್ಯಾಸೆಟ್‌ನ ಕಾಗದದಲ್ಲಿ ಎರವಲು ಕೊಟ್ಟವರ ಹೆಸರಿನ ಪಟ್ಟಿಯೇ ಇತ್ತು. ಮರಳಿ ಬಂದಾಗ ಹೆಸರಿನ ಮುಂದೆ ಗುರುತು. ಕೊನೆಯ ಹೆಸರಿಗೆ ಗುರುತಿಲ್ಲ, ಆದರೂ ಕ್ಯಾಸೆಟ್ ಇವರ ಕೈಯಲ್ಲಿದೆ. ಅದನ್ನು ನಾನು ಕೇಳಲು ಹೋಗಲಿಲ್ಲ. ಮೊದಲು ಕೇಳಿದ್ದು ಹೇಗೆ ಎಂದಾಗ ಅವರು, “ಗೋಡೆಯ ಮೂಲಕ” ಎಂದರು. ಆಚೆ ಮನೆಯವರು ಬೆಳಗಾದರೆ ಹಾಕುತ್ತಿದ್ದರು. ಮಾತು ತಿಳಿಯುತ್ತಿರಲಿಲ್ಲ, ರಾಗದ ಗುಂಯ್ ಮಾತ್ರ. ಆರು ತಿಂಗಳು ರೇಗಿಕೊಂಡಿದ್ದು, ಒಂದು ದಿನ ಮಾತು ಏನೆಂದು ತಿಳಿಯಲು ಆಚೆ ಮನೆಗೆ ಹೋದರಂತೆ. ಕಣ್ಣೆದುರು ವೇದಿಕೆ ಹತ್ತುವ ಗಾಯಕನೂ ಅವರ ಮನೆಗೆ ಬಂದದ್ದು ಗೋಡೆಯ ಕಡೆಯಿಂದಲೇ.

ಈಗ ನಾನು ಎರಡು ಕಡತ ಕೊಡುತ್ತೇನೆ: ಒಂದು ಇದ್ದ ಹಾಗೆ, ಇನ್ನೊಂದು ತೊಳೆದದ್ದು. ಬೆಲೆ ಒಂದೇ. ಜಾಸ್ತಿ ಕೆಲಸಕ್ಕೆ ಜಾಸ್ತಿ ಹಣ ಕೇಳಬೇಕೆಂದು ನನ್ನ ತಮ್ಮ ಹೇಳುತ್ತಲೇ ಇದ್ದಾನೆ. ಅವನು ಲೆಕ್ಕಪತ್ರದವನು, ಅವನು ಹೇಳುವುದು ಸರಿಯೂ ಹೌದು.

2023ರ ಆಗಸ್ಟ್ 8ರಂದು ರೊಡ್ರಿಗೆಜ್ ತೀರಿಕೊಂಡರು. ಸುದ್ದಿ ಓದಿದವನೇ ಸುರತ್ಕಲ್‌ಗೆ ಫೋನ್ ಮಾಡಿದೆ. ಹಿರಿಯರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಎಷ್ಟಾಗಿತ್ತು?” ಎಂದರು.

“81.”

“ನನ್ನ ಕ್ಯಾಸೆಟ್‌ನಲ್ಲಿ ಅವನಿಗೆ ಇಪ್ಪತ್ತು ದಾಟಿಲ್ಲ ಮಾರಾಯರೇ.”

ಆಮೇಲೆ ಮೊಮ್ಮಗಳ ವಿಷಯ ತೆಗೆದರು. ಬೆಂಗಳೂರಿನಲ್ಲಿ ಓದುವ ಹುಡುಗಿ, ಅಜ್ಜನ ಫೋನಿನಿಂದ ಆ ಕಡತವನ್ನು ತನ್ನ ಫೋನಿಗೆ ಹಾಕಿಕೊಂಡಿದ್ದಳಂತೆ, ಟಕ್ ಸದ್ದಿನ ಸಮೇತ. ಮೊನ್ನೆ ಅಲ್ಲಿ ಗೆಳತಿಯೊಬ್ಬಳು ಅದೇ ಹಾಡಿನ ಮೂಲವನ್ನು ಹಾಕಿ ಕೇಳಿಸಿದಳಂತೆ. ಇವಳು ಆ ರಾತ್ರಿಯೇ ಅಜ್ಜನಿಗೆ ಫೋನ್ ಮಾಡಿ ಹೇಳಿದ್ದು: ಅಜ್ಜ, ಇಲ್ಲಿಯವರ ಹತ್ತಿರ ಇರುವುದು ಹಾಳಾಗಿದೆ, ತುಂಬಾ ಎಳೆಯುತ್ತದೆ, ನಿಮ್ಮ ಹಂಪನಕಟ್ಟೆಯ ಅಂಗಡಿಯವರಿಗೆ ಕೊಟ್ಟು ಸರಿಮಾಡಿಸಬಹುದೇ?