ಕಸೂತಿ ಸೀರೆಗೊಂದು ವಿಳಾಸ

ನಿನ್ನೆ ರಾತ್ರಿ ಧಾರವಾಡದಲ್ಲಿ ವೈನಿಯ (ಅತ್ತಿಗೆಯ) ಕಸೂತಿ ಸೀರೆ ವ್ಯಾಪಾರಕ್ಕೆ ವೆಬ್ ಹೋಸ್ಟಿಂಗ್, ಅಂದರೆ ವೆಬ್‌ಸೈಟ್ ಇಡಲು ಬಾಡಿಗೆ ಜಾಗ, ಹುಡುಕುತ್ತಾ ಕೂತಿದ್ದೆವು. ಒಂದು ಕಡೆ ತಿಂಗಳಿಗೆ 69 ರೂಪಾಯಿ ಅಂತ ದೊಡ್ಡದಾಗಿ ಬರೆದಿತ್ತು. ಕೆಳಗೆ ಸಣ್ಣ ಅಕ್ಷರ: ಮೂರು ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಕು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ವೈನಿ ಕನ್ನಡಕ ಏರಿಸಿ, "ರಿನ್ಯೂವಲ್‌ಗೆ ಎಷ್ಟು? ಅದನ್ನ ಮೊದಲ ನೋಡಪಾ" ಅಂದರು. ನೋಡಿದರೆ ಮೂರು ಪಟ್ಟು! ಎಳೆ ಎಣಿಸಿ ಹೊಲಿಯುವ ಕಣ್ಣು ಅದು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ದರಪಟ್ಟಿಯನ್ನೂ ಹಾಗೇ ತಿರುಗಿಸಿ ನೋಡಿದರು.

ಕೊನೆಗೆ ವರ್ಷಕ್ಕಷ್ಟೇ ಕಟ್ಟುವ ಸಣ್ಣ ಪ್ಲಾನ್ ಸಾಕೆಂದೆವು. ಸೈಟಿನ ಮಾಹಿತಿಗೆ ಬೀಗ ಹಾಕುವ ಎಸ್‌ಎಸ್‌ಎಲ್ ಉಚಿತ. ಡೊಮೇನ್, ಅಂದರೆ ಸೈಟಿನ ವಿಳಾಸ ಮಾತ್ರ ಬೇರೆ ಕಡೆ ತಗೊಂಡೆವು, ವೈನಿಯ ಹೆಸರಲ್ಲೇ. ನಾಳೆ ಹೋಸ್ಟಿಂಗ್ ಬದಲಿಸಿದರೂ ವಿಳಾಸ ಅವರದೇ ಅಲ್ವಾ. ಮೊದಲು ಹಾಕಿದ ಫೋಟೊ, ಗೋಪುರದ ಕಸೂತಿ ಇರುವ ಕಪ್ಪು ಚಂದ್ರಕಾಳಿ ಸೀರೆ.