ಸಂತೆಮಾಳದ ಗೋಡೌನು: ಬಾಗಿಲು ತೆರೆದ ಮೊದಲ ಎರಡು ವಾರ

ಕೊಡಗಿನ ಸಿದ್ದಾಪುರ ಕಡೆ ರೊಬಸ್ಟಾ ಕಾಫಿ ಕೊಯ್ಲು ಜೋರಾಗಿದೆ. ಅಸ್ಸಾಂ, ಜಾರ್ಖಂಡಿನಿಂದ ಬಂದ ಸಂಸಾರಗಳಿಂದ ತೋಟದ ಲೈನ್ ಮನೆಗಳು ತುಂಬಿವೆ. ರಜಾದಿನ ಅವರು ಬಂದು ಕೂರಲೆಂದು ನಾವು ನಾಲ್ವರು ಸರಿಮಾಡುತ್ತಿದ್ದ ಹಳೇ ಕಾಫಿ ಗೋಡೌನಿನ ಬಾಗಿಲು ಕೊನೆಗೂ ತೆರೆಯಿತು.

ಮೊದಲ ವಾರ ಮಧ್ಯಾಹ್ನದವರೆಗೆ ಒಳಗೆ ಕಾಲಿಟ್ಟವರು ಮೂವರೇ. ಉಳಿದವರು ಇಣುಕಿ ನೋಡಿ ಹೊರಟುಹೋದರು. ನನ್ನ ನಕ್ಷೆಯಲ್ಲಿ ಬಾಗಿಲ ಎದುರಿಗೇ ಮೇಜು, ಅದರ ಮೇಲೆ ಹೆಸರು ಬರೆಸುವ ಪುಸ್ತಕ. ಅಸ್ಸಾಮಿನ ಬರ್ಪೇಟಾ ಕಡೆಯ ಹೆಂಗಸೊಬ್ಬರು ಹೊಸ್ತಿಲಲ್ಲೇ ನಿಂತು ಹಿಂದಿಯಲ್ಲಿ ಕೇಳಿದರು: "ದಾದಾ, ಇದು ಪೊಲೀಸರದ್ದಾ?" ನಾನು ಬಾಯಿ ತೆರೆಯುವ ಮೊದಲೇ ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಕವರು ತೆಗೆದರು. ಆಧಾರ್, ಮಡಚಿದಲ್ಲೆಲ್ಲ ಹರಿಯುತ್ತಿದ್ದ ಎನ್‌ಆರ್‌ಸಿ (ಅಸ್ಸಾಮಿನ ಪೌರರ ಪಟ್ಟಿ) ಪುಟದ ಜೆರಾಕ್ಸ್, ಕಾಫಿ ಹಣ್ಣಿನ ತೂಕದ ಚೀಟಿಗಳು. 2019ರ ಆಗಸ್ಟಿನಲ್ಲಿ ಆ ಪಟ್ಟಿ ಬಂದಾಗ 19 ಲಕ್ಷ ಜನ ಹೊರಗುಳಿದಿದ್ದರು. ಬಂಗಾಳಿ ಮಾತಾಡಿದರೆ ಸಾಕು, ಬಾಂಗ್ಲಾದೇಶದವರೇನೋ ಎಂದು ಇಲ್ಲೂ ಅನುಮಾನದ ಕಣ್ಣು. ಆ ಪುಸ್ತಕ ಅವರನ್ನು ಹೆದರಿಸುತ್ತದೆಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಅಂದೇ ಸಂಜೆ ಮೇಜು ಎತ್ತಿದೆವು, ಪುಸ್ತಕ ತೆಗೆದಿಟ್ಟೆವು. ಕಾಫಿ ಒಣಹಾಕುತ್ತಿದ್ದ ಕಣದ ಕಡೆಗೆ ಮುಖಮಾಡಿ ಹದಿನಾಲ್ಕು ಅಡಿ ಉದ್ದದ ಜಗಲಿ ಕಟ್ಟಿಸಿ, ಹೊರಗೋಡೆಯಲ್ಲೇ ಆರು ಪ್ಲಗ್ ಪಾಯಿಂಟ್ ಕೊಟ್ಟೆವು. ಯಾರ ಹೆಸರನ್ನೂ ಕೇಳುವುದಿಲ್ಲ. ಒಳಗಿನ ತೊಲೆಗೆ ಸೀರೆ ತೊಟ್ಟಿಲು ಕಟ್ಟಲು ನಾಲ್ಕು ಕೊಂಡಿ ಬಿದ್ದಿವೆ. ಐವತ್ತು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೂ ಗಿಡದ ಬುಡದಲ್ಲಿ ಚೀಲ ಹಾಸಿ ಕೂಸು ಮಲಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎರಡನೇ ವಾರ ಜಗಲಿಯಲ್ಲಿ ಜಾಗವಿರಲಿಲ್ಲ. ಫೋನು ಚಾರ್ಜಿಗಿಟ್ಟು ಕೂತವರ ಜೊತೆ ರೇಷನ್ ಮಾತು ಬಂತು. 2022ರ ಜೂನ್‌ನಲ್ಲಿ ಅಸ್ಸಾಂ ಸೇರಿದ ಮೇಲೆ 'ಒಂದು ದೇಶ ಒಂದು ರೇಷನ್ ಕಾರ್ಡ್' ಎಲ್ಲ ರಾಜ್ಯಗಳಿಗೂ ಬಂದಿದೆ, ಊರಿನ ಕಾರ್ಡಿನ ಅಕ್ಕಿ ಇಲ್ಲೇ ಸಿಗುತ್ತದೆ. ಇದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಇಬ್ಬರನ್ನು ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋದೆ. ಒಬ್ಬರಿಗೆ ಅಕ್ಕಿ ಸಿಕ್ಕಿತು. ಇನ್ನೊಬ್ಬರ ಹೆಬ್ಬೆಟ್ಟು ಮಿಷನ್ನಿಗೆ ಹಿಡಿಯಲೇ ಇಲ್ಲ. ಹಣ್ಣು ಕೊಯ್ದು ಕೊಯ್ದು ಬೆರಳ ಗೆರೆ ಸವೆದು, ಕಪ್ಪು ಕಲೆ ಕೂತಿತ್ತು. ನಾಳೆ ಆಧಾರ್ ಕೇಂದ್ರಕ್ಕೆ ಅವರ ಜೊತೆ ಹೋಗಬೇಕು.

ಶೌಚಾಲಯದ ಕೆಲಸ ಇನ್ನೂ ಬಾಕಿ. ಈಗ ಕೈ ಹಾಕಿರುವುದು ಬೀಗದ ಪೆಟ್ಟಿಗೆಗಳಿಗೆ. ಲೈನ್ ಮನೆ ಸೋರುತ್ತದೆ, ಕಾಗದ ಇಡಲು ಜಾಗ ಬೇಕೆಂದು ಬರ್ಪೇಟಾದ ಆ ದೀದಿಯೇ ಕೇಳಿದ್ದು. ಇಪ್ಪತ್ತನಾಲ್ಕು ಪೆಟ್ಟಿಗೆ, ಕೀಲಿ ಅವರವರ ಕೈಯಲ್ಲೇ. ಆಚಾರ್ರಿಗೆ ಅಳತೆ ಕೊಟ್ಟಾಯಿತು: ಉದ್ದ ಹದಿಮೂರು ಇಂಚು, ಅಗಲ ಒಂಬತ್ತೂವರೆ. ಜೆರಾಕ್ಸ್ ಹಾಳೆ ಮಡಚದೆ ಹಿಡಿಯಬೇಕು.